ಮನೆಯಲ್ಲಿ ವಿಮಾನ ಕಟ್ಟುವಾಗ ಭಾಗ ಕೂರದಿದ್ದರೆ ‘ಸ್ವಲ್ಪ ಅಡ್ಜಸ್ಟ್’ ಮಾಡಬಹುದೇ?

2022ರಲ್ಲಿ ಒಂದು ಸುದ್ದಿ ನಿಮ್ಮ ಫೋನಿಗೂ ಬಂದಿರಬಹುದು. ಬ್ರಿಟನ್‌ನಲ್ಲಿರುವ ಕೇರಳ ಮೂಲದ ಇಂಜಿನಿಯರೊಬ್ಬರು ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ನಾಲ್ಕು ಸೀಟಿನ ವಿಮಾನ ಕಟ್ಟಿ, ಅದರಲ್ಲೇ ಕುಟುಂಬವನ್ನು ಕೂರಿಸಿಕೊಂಡು ಯುರೋಪ್ ಸುತ್ತಿದರು ಎಂಬ ಸುದ್ದಿ ಅದು. ಸುದ್ದಿ ನಿಜ. ದಕ್ಷಿಣ ಆಫ್ರಿಕಾದ ಕಂಪನಿಯೊಂದರ ಕಿಟ್ ತರಿಸಿ ಅವರು ಆ ವಿಮಾನ ಕಟ್ಟಿದ್ದರು.

ಇಂಥ ಸುದ್ದಿ ಓದಿದವರಿಗೆ ಸಹಜವಾಗಿ ಅನ್ನಿಸುವುದು, ‘ಪೆಟ್ಟಿಗೆ ಬಿಚ್ಚಿದರೆ ಸಾಕು, ತೂತಿಗೆ ತೂತು ಸೇರಿಸಿ ಸ್ಕ್ರೂ ಬಿಗಿದರೆ ವಿಮಾನ ರೆಡಿ’ ಎಂದು. ಈ ಭಾಗ ನಿಜವಲ್ಲ. ಕಿಟ್ ವಿಮಾನ ಕಟ್ಟುವವರ ಸಮಯದಲ್ಲಿ ದೊಡ್ಡ ಪಾಲು ಹೋಗುವುದು ಸರಿಯಾಗಿ ಕೂರದ ಭಾಗಗಳನ್ನು ಕೂರಿಸುವುದರಲ್ಲಿ. ಅಲ್ಲಿ ನಮ್ಮ ಅಚ್ಚುಮೆಚ್ಚಿನ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಪ್ರಾಣಕ್ಕೇ ಕುತ್ತು ತರಬಹುದು. ಏಕೆ ಎಂದು ನೋಡೋಣ.

ಕಿಟ್‌ನಲ್ಲಿ ಬರುವುದೇನು?

ಅಲ್ಯೂಮಿನಿಯಂ ಹಾಳೆಗಳು, ಬಾಗಿಸಿದ ಪಟ್ಟಿಗಳು, ಸಾವಿರಾರು ರಿವೆಟ್‌ಗಳು, ಫೈಬರ್‌ಗ್ಲಾಸ್ ಮುಚ್ಚಳಗಳು ಮತ್ತು ದಪ್ಪನೆಯ ನಕ್ಷೆ ಪುಸ್ತಕ. ಅಮೆರಿಕದ ನಿಯಮದ ಪ್ರಕಾರ ಇಂಥ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಟ್ಟುವವರೇ ಮಾಡಿರಬೇಕು. ಜನ ಇದನ್ನು ‘51 ಪರ್ಸೆಂಟ್ ನಿಯಮ’ ಎನ್ನುತ್ತಾರೆ. ಹಾಗಾಗಿ ಪೂರ್ತಿ ಸಿದ್ಧ ವಿಮಾನ ಪೆಟ್ಟಿಗೆಯಲ್ಲಿ ಬರುವ ಪ್ರಶ್ನೆಯೇ ಇಲ್ಲ. ಈಗಿನ ಒಳ್ಳೆಯ ಕಿಟ್‌ಗಳಲ್ಲಿ ಬಹುಪಾಲು ತೂತುಗಳು ಕಾರ್ಖಾನೆಯಲ್ಲೇ ಆಗಿರುತ್ತವೆ. ಆದರೂ ಕೆಲವು ಕಡೆ ತೂತುಗಳು ಒಂದಕ್ಕೊಂದು ಸೇರುವುದಿಲ್ಲ.

ತೂತು ಸೇರದಿದ್ದರೆ ಎಳೆದು ರಿವೆಟ್ ಹೊಡೆದರೆ ಆಗದೇ?

ರಿವೆಟ್ ಹೊಡೆಯಬಹುದು, ವಿಮಾನ ನೋಡಲೂ ಚೆನ್ನಾಗಿ ಕಾಣಬಹುದು. ಆದರೆ ಎಳೆದು ಕೂರಿಸಿದ ಹಾಳೆ ಆ ಎಳೆತವನ್ನು ಎಂದೆಂದಿಗೂ ಹೊತ್ತಿರುತ್ತದೆ. ಬಿಗಿಯಾಗಿ ಹೊಲಿದ ಕುಪ್ಪಸ ನೆನಪಿಸಿಕೊಳ್ಳಿ. ಕೈ ಎತ್ತಿದಾಗ ಅದು ಹರಿಯುವುದು ಹೊಲಿಗೆಯ ಹತ್ತಿರವೇ. ವಿಮಾನದ ಹಾಳೆಯಲ್ಲಿ ಹೊಲಿಗೆ ಎಂದರೆ ರಿವೆಟ್ ತೂತು. ಮೊದಲೇ ಎಳೆತದಲ್ಲಿರುವ ಹಾಳೆಗೆ ಇಂಜಿನ್ನಿನ ಕಂಪನ, ಗಾಳಿಯ ಹೊಡೆತ ಸೇರಿದಾಗ ತೂತಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಶುರುವಾಗಬಹುದು. ಅದು ಹಾರಾಟದಿಂದ ಹಾರಾಟಕ್ಕೆ ಬೆಳೆಯುತ್ತದೆ.

ಸರಿ, ತೂತನ್ನೇ ದೊಡ್ಡದು ಮಾಡಿದರೆ? ಆಗ ತೂತು ಮೊಟ್ಟೆಯಾಕಾರಕ್ಕೆ ತಿರುಗಿ, ರಿವೆಟ್ ಅದನ್ನು ಪೂರ್ತಿ ತುಂಬುವುದಿಲ್ಲ. ಒಂದು ಹಂತ ದಪ್ಪದ ರಿವೆಟ್ ಹಾಕುವ ಪರಿಹಾರ ಇದೆ, ಆದರೆ ಅದಕ್ಕೂ ಮಿತಿಯಿದೆ. ತೂತಿನ ನಡುಬಿಂದುವಿನಿಂದ ಹಾಳೆಯ ಅಂಚಿಗೆ ರಿವೆಟ್ಟಿನ ವ್ಯಾಸದ ಕನಿಷ್ಠ ಎರಡು ಪಟ್ಟು ದೂರ ಇರಬೇಕು ಎಂಬುದು ಈ ಕೆಲಸದ ಮೂಲ ನಿಯಮ. 3.2 ಮಿಲಿಮೀಟರ್ ರಿವೆಟ್ ಆದರೆ 6.4 ಮಿಲಿಮೀಟರ್. ಫೈಲಿಗೆ ಹಾಕುವ ಕಾಗದಕ್ಕೆ ಅಂಚಿನ ಹತ್ತಿರ ಪಂಚ್ ಮಾಡಿದರೆ ಹರಿದುಬರುತ್ತದಲ್ಲ, ಇದೂ ಹಾಗೆಯೇ. ಅಷ್ಟು ಜಾಗ ಉಳಿಯದಿದ್ದರೆ ಆ ಭಾಗವನ್ನು ಪಕ್ಕಕ್ಕಿಟ್ಟು ಹೊಸದು ತರಿಸಬೇಕು.

ನಿನ್ನೆ ಕೂತದ್ದು ಇವತ್ತು ಕೂರುತ್ತಿಲ್ಲ, ಏಕೆ?

ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಹಾಕಿಕೊಳ್ಳದಂತಾಗುವುದು ನಮಗೆಲ್ಲ ಗೊತ್ತು. ಲೋಹ ನೀರಿಗೆ ಉಬ್ಬುವುದಿಲ್ಲ, ಬಿಸಿಗೆ ಹಿಗ್ಗುತ್ತದೆ. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಸುಮಾರು 0.023 ಮಿಲಿಮೀಟರ್ ಹಿಗ್ಗುತ್ತದೆ. ಲೆಕ್ಕ ಹಾಕಿ: 3 ಮೀಟರ್ ಉದ್ದದ ಹಾಳೆ ಬಿಸಿಲಿನಲ್ಲಿದ್ದು, ಒಳಗಿನ ಚೌಕಟ್ಟಿಗಿಂತ 10 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಸುಮಾರು 0.7 ಮಿಲಿಮೀಟರ್ ವ್ಯತ್ಯಾಸ. ಕೊನೆಯ ತೂತು ತಪ್ಪಲು ಅಷ್ಟು ಸಾಕು. ಇಲ್ಲಿ ಡ್ರಿಲ್ ಬೇಕಿಲ್ಲ. ಎರಡನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಬಿಟ್ಟರೆ ಬೆಳಿಗ್ಗೆ ತಾನೇ ಕೂರುತ್ತದೆ.

ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ ಇನ್ನೂ ಹಠಮಾರಿ. ಅದರ ಆಕ್ರಿಲಿಕ್ ಪ್ಲಾಸ್ಟಿಕ್ ಅಲ್ಯೂಮಿನಿಯಂನ ಸುಮಾರು ಮೂರು ಪಟ್ಟು ಹಿಗ್ಗುತ್ತದೆ, ಚಳಿಯಲ್ಲಿ ಬೇಗ ಸೀಳುತ್ತದೆ. ಆದ್ದರಿಂದ ಅನುಭವಿಗಳು ಅದನ್ನು ಬೆಚ್ಚಗಿನ ದಿನವೇ ಕತ್ತರಿಸುತ್ತಾರೆ. ಸ್ಕ್ರೂಗಿಂತ ತೂತನ್ನು ಸ್ವಲ್ಪ ದೊಡ್ಡದಾಗಿ ಮಾಡಿ, ಹಿಗ್ಗಲು ಕುಗ್ಗಲು ಜಾಗ ಬಿಡುತ್ತಾರೆ. ಅಂದರೆ ಅಲ್ಯೂಮಿನಿಯಂ ಹಾಳೆಯಲ್ಲಿ ತಪ್ಪಾದ ಸಡಿಲ ತೂತು ಇಲ್ಲಿ ಸರಿ. ನಿಯಮವನ್ನು ಬಾಯಿಪಾಠ ಮಾಡಿದರೆ ಸಾಲದು, ಕಾರಣವೂ ತಿಳಿದಿರಬೇಕು.

ರೆಕ್ಕೆಯ ಆ ಒಂದು ತೂತು

ಹಲವು ಕಿಟ್‌ಗಳಲ್ಲಿ ರೆಕ್ಕೆಯ ಮುಖ್ಯ ತೊಲೆಯ ಬೋಲ್ಟ್ ತೂತುಗಳು ಕಾರ್ಖಾನೆಯಲ್ಲೇ ಆಗಿ ಬರುತ್ತವೆ. ಹಿಂದಿನ ತೊಲೆಯ ತೂತನ್ನು ಮಾತ್ರ ಕಟ್ಟುವವರೇ ಕೊನೆಯಲ್ಲಿ ಕೊರೆಯಬೇಕು. ರೆಕ್ಕೆ ಎಷ್ಟು ಓರೆಯಾಗಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಈ ತೂತು. ಎಡ ಬಲ ರೆಕ್ಕೆಗಳ ಓರೆ ಬೇರೆಬೇರೆಯಾದರೆ ವಿಮಾನ ಸದಾ ಒಂದು ಕಡೆಗೆ ವಾಲುತ್ತದೆ. ಹಾಗಾಗಿ ಗಾರೆ ಕೆಲಸದವರಂತೆಯೇ ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟು, ರಸಮಟ್ಟ ಇಟ್ಟು ಎರಡೂ ರೆಕ್ಕೆಗಳನ್ನು ಮತ್ತೆ ಮತ್ತೆ ಅಳೆಯುತ್ತಾರೆ. ಒಂದು ತೂತಿಗೆ ಇಡೀ ದಿನ ಹಿಡಿದರೂ ಯಾರೂ ಬೇಸರಿಸುವುದಿಲ್ಲ.

ಜಾಗ ಬದಲಿಸಿದ ಒಂದು ಹಿಡಿಕೆ

‘ಇಲ್ಲಿ ಬೇಡ, ಅಲ್ಲಿ ಹಾಕೋಣ’ ಎಂಬ ನಿರ್ಧಾರ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಕಡಲತೀರದ ಬಳಿ ವಿಮಾನ ಬಿದ್ದು ತೀರಿಕೊಂಡರು. ಅದು ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಿ. ಕಿಟ್ ಅಲ್ಲ, ನಕ್ಷೆ ನೋಡಿ ಬೇರೊಬ್ಬರು ಮನೆಯಲ್ಲಿ ಕಟ್ಟಿದ್ದು. ಡೆನ್ವರ್ ಅದನ್ನು ಹೊಸದಾಗಿ ಕೊಂಡಿದ್ದರು. ಇಂಧನ ಟ್ಯಾಂಕ್ ಬದಲಿಸುವ ಹಿಡಿಕೆ ನಕ್ಷೆಯ ಪ್ರಕಾರ ಪೈಲಟ್‌ನ ಮುಂದೆ, ಕಾಲುಗಳ ನಡುವೆ ಇರಬೇಕಿತ್ತು. ಕಟ್ಟಿದವರು ಇಂಧನದ ಕೊಳವೆ ಪೈಲಟ್ ಕೂರುವ ಜಾಗಕ್ಕೆ ಬರುವುದು ಬೇಡವೆಂದು, ಹಿಡಿಕೆಯನ್ನು ಎಡ ಭುಜದ ಹಿಂದೆ ಇಟ್ಟಿದ್ದರು. ಉದ್ದೇಶ ಸುರಕ್ಷತೆಯೇ. ಆದರೆ ಹಾರಾಟದಲ್ಲಿ ಅದನ್ನು ತಿರುಗಿಸಲು ಮೈ ಹೊರಳಿಸಬೇಕಿತ್ತು. ಹಾಗೆ ಹೊರಳುವಾಗ ಗೊತ್ತಿಲ್ಲದೆ ಕಾಲು ಬಲಗಡೆಯ ಪೆಡಲ್ ಒತ್ತಿ ವಿಮಾನ ನಿಯಂತ್ರಣ ತಪ್ಪಿತು ಎಂದು ತನಿಖೆ ಹೇಳಿತು. ಇಂಧನದ ಲೆಕ್ಕ ಸರಿಯಾಗಿ ಹಾಕದಿದ್ದದ್ದು, ಆ ವಿಮಾನದಲ್ಲಿ ತರಬೇತಿ ಸಾಲದಿದ್ದದ್ದು ಕೂಡ ಕಾರಣಗಳ ಪಟ್ಟಿಯಲ್ಲಿದ್ದವು.

ತಪ್ಪು ಯಾವಾಗಲೂ ಕಟ್ಟುವವರದ್ದೇ?

ಅಲ್ಲ. 2023ರಲ್ಲಿ ಅಮೆರಿಕದ ಹೆಸರಾಂತ ಕಿಟ್ ಕಂಪನಿ ವ್ಯಾನ್ಸ್ ಏರ್‌ಕ್ರಾಫ್ಟ್ ಇಂಥದ್ದೇ ಸಮಸ್ಯೆ ಎದುರಿಸಿತು. ಪಂಚ್ ಮಾಡುವ ಬದಲು ಲೇಸರ್‌ನಿಂದ ಕೊರೆದ ಕೆಲವು ಭಾಗಗಳಲ್ಲಿ, ತೂತಿನ ಸುತ್ತ ರಿವೆಟ್ ತಲೆ ಕೂರಲು ಗುಳಿ ಒತ್ತುವಾಗ ಬಿರುಕು ಕಾಣಿಸಿತು. ಕಂಪನಿ ಭಾಗಗಳನ್ನು ಬದಲಿಸಿಕೊಡಲು ಮುಂದಾಗಬೇಕಾಯಿತು. ಗ್ಯಾರೇಜಿನಲ್ಲಿ ಪ್ರತಿ ತೂತನ್ನೂ ಕಣ್ಣಿಟ್ಟು ನೋಡುವವರಿಗೆ ಇಂಥ ಬಿರುಕು ಹಾರುವ ಮೊದಲೇ ಸಿಗುತ್ತದೆ. ಸುಮ್ಮನೆ ಒತ್ತಿ ಮುಂದೆ ಹೋದವರಿಗೆ ಸಿಗುವುದಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು?

1. ಕೆಲಸ ನಿಲ್ಲಿಸಿ. ಭಾಗ ಕೂರುತ್ತಿಲ್ಲ ಎಂದರೆ ಎಲ್ಲೋ ತಪ್ಪಿದೆ ಎಂದು ಅದು ಹೇಳುತ್ತಿದೆ.

2. ಭಾಗದ ನಂಬರ್ ನೋಡಿ. ಎಡದ್ದನ್ನು ಬಲಕ್ಕೆ, ಮೇಲಿನದ್ದನ್ನು ಕೆಳಕ್ಕೆ ಹಿಡಿದಿರುವುದು ಸಾಮಾನ್ಯ ತಪ್ಪು.

3. ರಿವೆಟ್ ಹೊಡೆಯುವ ಮೊದಲು ಹಾಳೆಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್ನುಗಳಿರುತ್ತವೆ, ಹೆಸರು ಕ್ಲೀಕೊ. ಅವನ್ನೆಲ್ಲ ತೆಗೆದು, ನಡುವಿನಿಂದ ಅಂಚಿನ ಕಡೆಗೆ ಮತ್ತೆ ಹಾಕಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

4. ತೂತಿನ ಅಂಚಿನ ಮುಳ್ಳು ತೆಗೆಯಿರಿ, ಬಿಸಿಲು ನೆರಳಿನ ವ್ಯತ್ಯಾಸ ನೋಡಿ, ಕಂಪನಿ ನಕ್ಷೆಗೆ ತಿದ್ದುಪಡಿ ಕಳಿಸಿದೆಯೇ ಪರಿಶೀಲಿಸಿ.

5. ಆಮೇಲೂ ಕೂರದಿದ್ದರೆ ಅಳತೆ ಮತ್ತು ಫೋಟೊ ಕಳಿಸಿ ಕಂಪನಿಯನ್ನೇ ಕೇಳಿ. ಉತ್ತರವನ್ನು ಕೆಲಸದ ಪುಸ್ತಕದಲ್ಲಿ ಬರೆದಿಡಿ, ಮುಚ್ಚುವ ಮೊದಲು ಪರಿಶೀಲಕರಿಗೆ ತೋರಿಸಿ.

ಶೇರ್ ಮಾಡುವ ಮುನ್ನ

‘ಮನೆಯಲ್ಲೇ ವಿಮಾನ ಕಟ್ಟಿದ ಯುವಕ’ ಎಂಬ ವಿಡಿಯೊ ಬಂದರೆ ಮೆಚ್ಚಿಕೊಳ್ಳಿ, ಜೊತೆಗೆ ಎರಡು ಪ್ರಶ್ನೆ ಕೇಳಿ. ಅದನ್ನು ಪರಿಶೀಲಿಸಿದವರು ಯಾರು? ಹಾರಲು ಅನುಮತಿ ಇದೆಯೇ? ಭಾರತದಲ್ಲಿ ವಿಮಾನ ಹಾರಿಸಲು ಡಿಜಿಸಿಎ ಅನುಮತಿ ಕಡ್ಡಾಯ. ಬೈಕಿನ ನಟ್ ಸಡಿಲವಾದರೆ ರಸ್ತೆ ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ನಿಲ್ಲಿಸಲು ಬದಿ ಇಲ್ಲ. ಆದ್ದರಿಂದ ಅಡ್ಜಸ್ಟ್‌ಮೆಂಟ್ ಏನಿದ್ದರೂ ನೆಲದ ಮೇಲೇ, ಅಳತೆ ಮಾಡಿಯೇ ಮುಗಿಯಬೇಕು.