ಆಡುವವರ ಗಳಿಕೆ

ಆಟದಿಂದ ಹೊಟ್ಟೆ ತುಂಬೀತೇ ಎಂದು ಮಕ್ಕಳನ್ನು ಗದರಿಸುವ ವಾಡಿಕೆ ನಮ್ಮಲ್ಲಿ ಹಳೆಯದು. ಗಣಕಯಂತ್ರದ ತೆರೆಯ ಮೇಲೆ ನಡೆಯುವ ಸ್ಪರ್ಧೆಗಳ ಸುದ್ದಿಯಾದರೋ ಹಿರಿಯರ ಬಾಯಿ ಕಟ್ಟಿಸುವಂತಿದೆ. ೨೦೨೧ರ ಅಕ್ಟೋಬರಿನಲ್ಲಿ ರುಮೇನಿಯಾದ ಬುಖಾರೆಸ್ಟ್ ನಗರದಲ್ಲಿ ನಡೆದ ‘ಡೋಟಾ-೨’ ಆಟದ ಪಂದ್ಯಾವಳಿಯಲ್ಲಿ ಬಹುಮಾನದ ಒಟ್ಟು ಮೊತ್ತ ೪ ಕೋಟಿ ಡಾಲರುಗಳನ್ನು ಮುಟ್ಟಿತ್ತು. ಗೆದ್ದ ಐವರು ತರುಣರ ತಂಡಕ್ಕೆ ಸಂದದ್ದು ೧ ಕೋಟಿ ೮೨ ಲಕ್ಷ. ಸಾಂಕ್ರಾಮಿಕದ ಭೀತಿಯಿಂದ ಪ್ರೇಕ್ಷಕರಿಗೆ ಅಂದು ಪ್ರವೇಶವಿರಲಿಲ್ಲ. ಬರಿದಾದ ಆಸನಗಳ ಮುಂದೆಯೇ ಈ ನಿಧಿ ಕೈಬದಲಾಯಿಸಿತು.

ಇಂಥ ಅಂಕಿಗಳನ್ನು ಕೇಳಿ ವಿದ್ಯಾರ್ಥಿಗಳ ಕಣ್ಣು ಅರಳುವುದು ಸಹಜ. ಆದರೆ ಬಹುಮಾನವೇ ಬೇರೆ, ಜೀವನೋಪಾಯವೇ ಬೇರೆ. ಹಣ ಯಾರ ಕೈಯಿಂದ ಬಂತು, ನಾಳೆಯೂ ಬಂದೀತೇ ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಗಳಿಕೆಯ ಲೆಕ್ಕ ಪೂರ್ಣವಾಗದು.

೧೯೯೭ರಲ್ಲಿ ಅಮೆರಿಕದಲ್ಲಿ ನಡೆದ ‘ಕ್ವೇಕ್’ ಪಂದ್ಯದಲ್ಲಿ ಡೆನಿಸ್ ಫಾಂಗ್ ಎಂಬ ತರುಣ ಗೆದ್ದದ್ದು ಒಂದು ಕೆಂಪು ಫೆರಾರಿ ಕಾರು. ಕೊಟ್ಟವನು ಆ ಆಟವನ್ನು ರಚಿಸಿದವರಲ್ಲಿ ಒಬ್ಬನಾದ ಜಾನ್ ಕಾರ್ಮ್ಯಾಕ್. ಕಾರು ಆತನ ಸ್ವಂತದ್ದೇ. ಆಟ ಕಟ್ಟಿದವನೇ ದಾತನೂ ಆಗುವ ಈ ಪದ್ಧತಿಯ ಬೆಳಕಿನಲ್ಲಿ ಡೋಟಾದ ಕಥೆಯನ್ನು ನೋಡಬೇಕು.

ಆ ಆಟದ ಒಡೆಯರಾದ ವಾಲ್ವ್ ಸಂಸ್ಥೆಯವರು ೨೦೧೧ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಮೊದಲ ಪಂದ್ಯಾವಳಿ ಏರ್ಪಡಿಸಿದಾಗ ಬಹುಮಾನ ೧೬ ಲಕ್ಷ ಡಾಲರು. ೨೦೧೩ರಿಂದ ಅವರೊಂದು ಉಪಾಯ ಹೂಡಿದರು. ಮನೆಯಲ್ಲಿ ಕುಳಿತು ಆಡುವ ಸಾಮಾನ್ಯರಿಗೆ ಆಟದೊಳಗಿನ ಅಲಂಕಾರಗಳನ್ನೂ ವಿನೋದಗಳನ್ನೂ ಮಾರಿ, ಬಂದ ಹಣದ ಕಾಲುಭಾಗವನ್ನು ಬಹುಮಾನಕ್ಕೆ ಸೇರಿಸಿದರು. ಹನಿಗೂಡಿ ಹಳ್ಳವಾಯಿತು. ೨೦೧೯ರಲ್ಲಿ ಶಾಂಘೈಯಲ್ಲಿ ಮೊತ್ತ ೩ ಕೋಟಿ ೪೩ ಲಕ್ಷಕ್ಕೆ ಏರಿತು. ಎರಡೇ ವರ್ಷದಲ್ಲಿ ೪ ಕೋಟಿ. ಆದರೆ ೨೦೨೩ರಲ್ಲಿ ಸಂಸ್ಥೆ ಆ ಮಾರಾಟವನ್ನು ಬಹುಮಟ್ಟಿಗೆ ಮೊಟಕುಗೊಳಿಸಿತು. ಆ ವರ್ಷ ಸಿಯಾಟಲಿನಲ್ಲಿ ಬಹುಮಾನ ಸುಮಾರು ೩೧ ಲಕ್ಷಕ್ಕೆ ಕುಸಿಯಿತು. ೨೦೨೪ರಲ್ಲಿ ಕೋಪನ್‌ಹೇಗನ್ನಿನಲ್ಲಿ ೨೬ ಲಕ್ಷದ ಆಸುಪಾಸು. ಆಟಗಾರರ ಕೈಚಳಕವೇನೂ ಕುಂದಿರಲಿಲ್ಲ. ಕುಂದಿದ್ದು ಕೊಡುವವರ ಆಸಕ್ತಿ ಮಾತ್ರ.

ಚದುರಂಗಕ್ಕೆ ಒಡೆಯನಿಲ್ಲ. ಯಾರು ಬೇಕಾದರೂ ಕಾಯಿ ಕೆತ್ತಿ, ಯಾವ ಮರದ ನೆರಳಿನಲ್ಲಾದರೂ ಪಂದ್ಯ ಹೂಡಬಹುದು. ಈ ಹೊಸ ಆಟಗಳಲ್ಲಿ ಅಂಗಳ, ಕಾಯಿ, ನಿಯಮ ಎಲ್ಲವೂ ಒಂದು ಕಂಪೆನಿಯ ಸ್ವತ್ತು. ಜೀವನವಿಡೀ ಕಲಿತ ವಿದ್ಯೆಯೊಂದು ಅನ್ಯರ ಜಮೀನಿನಲ್ಲಿ ಮಾತ್ರ ಫಲ ಕೊಡುವಂತಾದರೆ ಅದು ಗೇಣಿಯ ಬೇಸಾಯವಲ್ಲದೆ ಮತ್ತೇನು?

ಹಂಚಿಕೆಯಾದರೂ ಸಮವೇ? ಬುಖಾರೆಸ್ಟಿನ ಹದಿನೆಂಟು ತಂಡಗಳಲ್ಲಿ ಮೊದಲನೆಯದು ಅರ್ಧಕ್ಕೆ ಸಮೀಪದಷ್ಟನ್ನು ಒಯ್ದರೆ, ಕೊನೆಯ ಎರಡಕ್ಕೆ ತಲಾ ಸುಮಾರು ೧ ಲಕ್ಷ. ಅದನ್ನೂ ಐವರು ಹಂಚಿಕೊಳ್ಳಬೇಕು. ತಂಡದ ಧಣಿಗಳ ಪಾಲು, ಸರಕಾರದ ತೆರಿಗೆ ಬೇರೆ. ಹೊಸ್ತಿಲಿನಲ್ಲೇ ಸೋತು ಹಿಂದಿರುಗಿದವರಿಗೆ ಅಷ್ಟೂ ಇಲ್ಲ. ಡೆನ್ಮಾರ್ಕಿನ ಯೋಹಾನ್ ಸುಂಡ್‌ಸ್ಟೈನ್ ಬಹುಮಾನಗಳಿಂದಲೇ ೭೦ ಲಕ್ಷ ಡಾಲರಿಗೂ ಮಿಗಿಲಾಗಿ ಗಳಿಸಿದ್ದು ನಿಜ; ಅಂಥವರನ್ನು ಬೆರಳೆಣಿಸಿ ಹೇಳಬಹುದು.

ಕೊರಿಯದ ಲೀ ಸಾಂಗ್-ಹ್ಯೋಕ್ ನಡೆದ ದಾರಿ ಬೇರೆ. ‘ಫೇಕರ್’ ಎಂದು ಖ್ಯಾತನಾದ ಈತ ‘ಲೀಗ್ ಆಫ್ ಲೆಜೆಂಡ್ಸ್’ ಆಟದಲ್ಲಿ ೨೦೧೩ರಿಂದ ೨೦೨೫ರವರೆಗೆ ಆರು ಬಾರಿ ವಿಶ್ವವಿಜೇತ ತಂಡದಲ್ಲಿದ್ದವನು. ಬಹುಮಾನದ ಪಟ್ಟಿಯಲ್ಲಿ ಆತ ಸುಂಡ್‌ಸ್ಟೈನನಿಗಿಂತ ಬಹಳ ಕೆಳಗಿದ್ದಾನೆ. ಆತನ ಬದುಕನ್ನು ಆಧರಿಸಿದ್ದು ತಂಡದ ಸಂಬಳ, ಜಾಹೀರಾತುಗಳ ಸಂಭಾವನೆ. ೨೦೨೦ರಲ್ಲಿ ಆತ ತನ್ನ ತಂಡದ ಒಡೆತನದಲ್ಲಿಯೇ ಪಾಲು ಪಡೆದ. ಆಡುವವನು ಒಡೆತನದ ಬೆಲೆಯನ್ನು ಅರಿತುಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆಟವನ್ನು ವೃತ್ತಿಯಾಗಿಸಬಯಸುವ ಮಗನನ್ನೋ ಮಗಳನ್ನೋ ಗದರಿಸಿ ಪ್ರಯೋಜನವಿಲ್ಲ. ಎಷ್ಟು ಕೋಟಿ ಗೆದ್ದರೆಂದು ಬೆರಗಾಗುವುದಕ್ಕೆ ಬದಲು ತಿಂಗಳ ಸಂಬಳವೆಷ್ಟು, ಕರಾರು ಎಷ್ಟು ವರ್ಷಗಳದು, ಸೋತ ವರ್ಷ ಊಟಕ್ಕೇನು ಎಂದು ಜೊತೆಗೆ ಕುಳಿತು ಕೇಳುವುದು ಲೇಸು. ಉಳಿದ ಕಸುಬುಗಳ ಬಗೆಗೆ ನಾವು ಕೇಳುತ್ತ ಬಂದದ್ದೂ ಇವೇ ಪ್ರಶ್ನೆಗಳಲ್ಲವೆ?