ಹೃದಯಶಸ್ತ್ರಕರ್ಮದಲ್ಲಿ ಚಿತ್ರಸಂಸ್ಕಾರ

ಕಣ್ಣಿಗೆ ಕಾಣದ ವಸ್ತುವಿನ ಮೇಲೆ ಕೈ ನಡೆಯಿಸುವುದು ದುಷ್ಕರ. ಆ ವಸ್ತುವು ಚಲಿಸುತ್ತಲೂ ಇದ್ದರೆ ಮತ್ತಷ್ಟು ದುಷ್ಕರ. ಹೃದಯದ ವಿಷಯದಲ್ಲಿ ಈ ಎರಡು ಕಷ್ಟಗಳೂ ಕೂಡಿಯೇ ಇರುವುವು. ೧೯೫೩ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾನ್ ಗಿಬ್ಬನ್ನರು ಹೃದಯ ಶ್ವಾಸಕೋಶಗಳ ಕಾರ್ಯವನ್ನು ಯಂತ್ರಕ್ಕೆ ವಹಿಸಿ, ತೆರೆದ ಹೃದಯದಲ್ಲಿ ಶಸ್ತ್ರಕರ್ಮವನ್ನು ನಡೆಯಿಸಿ ಸಫಲರಾದರು. ಆದರೆ ವೃದ್ಧರೂ ದುರ್ಬಲರೂ ಆದ ಅನೇಕ ರೋಗಿಗಳು ಎದೆಯನ್ನು ತೆರೆಯುವ ಕ್ರಮವನ್ನು ತಾಳಲಾರರು. ಅಂತಹವರಿಗಾಗಿ ಫ್ರಾನ್ಸಿನ ರೂಆಂ ನಗರದ ವೈದ್ಯ ಆಲೆನ್ ಕ್ರಿಬಿಯೇ ಎಂಬವರು ೨೦೦೨ರಲ್ಲಿ ರಕ್ತನಾಳದ ಮಾರ್ಗವಾಗಿಯೇ ಕೃತಕ ಕವಾಟವೊಂದನ್ನು ಮಿಡಿಯುವ ಹೃದಯದೊಳಗೆ ಸ್ಥಾಪಿಸಿದರು. ಈ ಕ್ರಮದಲ್ಲಿ ವೈದ್ಯನು ಹೃದಯವನ್ನು ಕಾಣುವುದಿಲ್ಲ; ಅದರ ಚಿತ್ರವನ್ನು ಮಾತ್ರ ಕಾಣುತ್ತಾನೆ.

ಆ ಚಿತ್ರವು ನಿರ್ದುಷ್ಟವಾದುದೇನೂ ಅಲ್ಲ. ಕ್ಷ-ಕಿರಣಗಳು ಮಿತಿಮೀರಿದರೆ ರೋಗಿಗೂ ವೈದ್ಯನಿಗೂ ಹಾನಿ. ಮಿತವಾಗಿ ಪ್ರಯೋಗಿಸಿದರೆ ಚಿತ್ರವು ಚುಕ್ಕೆಗಳಿಂದ ಮಲಿನವಾಗುವುದು. ಅದರಲ್ಲಿ ಲೋಹದ ತಂತಿಯೂ ಸುಣ್ಣಗಟ್ಟಿದ ಭಾಗಗಳೂ ತೋರುವುವೇ ಹೊರತು ಮೃದುವಾದ ಮಾಂಸಭಿತ್ತಿಯು ತೋರದು. ಇಲ್ಲಿಯೇ ಚಿತ್ರಸಂಸ್ಕಾರಕ್ಕೆ ಅವಕಾಶ. ಗಣಕಯಂತ್ರಕ್ಕೆ ಚಿತ್ರವೆಂದರೆ ಸಣ್ಣ ಚೌಕಗಳಲ್ಲಿ ತುಂಬಿದ ಅಂಕಿಗಳ ಸಮೂಹ. ಆ ಅಂಕಿಗಳನ್ನು ಗಣಿತದಿಂದ ಶೋಧಿಸಿ ಮಾಲಿನ್ಯವನ್ನು ಕಳೆಯುವುದು ಮೊದಲನೆಯ ಸಂಸ್ಕಾರ. ಮಹಾಧಮನಿ, ಕವಾಟ ಮುಂತಾದುವುಗಳ ಎಲ್ಲೆಗಳನ್ನು ಬೇರ್ಪಡಿಸುವುದು ಎರಡನೆಯದು. ಮುಂಚೆಯೇ ತೆಗೆದಿರಿಸಿದ ಸಿ.ಟಿ. ಚಿತ್ರವನ್ನು ಆಗಿನ ಕ್ಷ-ಕಿರಣಚಿತ್ರದ ಮೇಲೆ ಸರಿಹೊಂದುವಂತೆ ಆರೋಪಿಸುವುದು ಮೂರನೆಯದು. ಇದರಿಂದ ಮೂತ್ರಪಿಂಡಗಳಿಗೆ ಅಪಾಯಕರವಾಗಬಲ್ಲ ವರ್ಣದ್ರವ್ಯದ ಪ್ರಯೋಗವನ್ನೂ ಕಡಮೆ ಮಾಡಬಹುದು.

ಈ ಹೊಂದಿಕೆಯಲ್ಲಿ ಕೆಲವೇ ಮಿಲಿಮೀಟರುಗಳ ವ್ಯತ್ಯಾಸವೂ ಪ್ರಾಣದ ಪ್ರಶ್ನೆಯಾಗುವುದು. ಕವಾಟವು ಮೇಲಕ್ಕೆ ಸರಿದರೆ ಹೃದಯಕ್ಕೇ ರಕ್ತವನ್ನೊಯ್ಯುವ ಧಮನಿಗಳ ದ್ವಾರಗಳು ಮುಚ್ಚಿಹೋಗಬಹುದು; ಕೆಳಕ್ಕೆ ಸರಿದರೆ ಮಿಡಿತದ ಪ್ರೇರಣೆಯು ಹರಿಯುವ ಮಾರ್ಗವು ಕೆಡಬಹುದು. ನಿಮಿಷಕ್ಕೆ ೭೫ ಸಲ ಮಿಡಿಯುವ ಹೃದಯದ ಒಂದು ಮಿಡಿತಕ್ಕೆ ೦.೮ ಸೆಕೆಂಡು ಹಿಡಿಯುವುದು. ಯಂತ್ರವು ೦.೧ ಸೆಕೆಂಡು ತಡಮಾಡಿದರೂ ವೈದ್ಯನು ನೋಡುವುದು ಮಿಡಿತದ ಎಂಟನೆಯ ಒಂದಂಶದಷ್ಟು ಹಿಂದಿನ ಹೃದಯವನ್ನು. ಇದಲ್ಲದೆ, ಉಸಿರನ್ನು ಬಿಗಿಹಿಡಿದಾಗ ತೆಗೆದ ಸಿ.ಟಿ. ಚಿತ್ರವು ಉಸಿರಾಡುವ ರೋಗಿಯ ಹೃದಯಕ್ಕೆ ತಾನಾಗಿ ಹೊಂದುವುದಿಲ್ಲ. ಆದುದರಿಂದ ಇ.ಸಿ.ಜಿ. ರೇಖೆಯನ್ನೂ ಶ್ವಾಸದ ಗತಿಯನ್ನೂ ಅನುಸರಿಸಿ ಚಿತ್ರವನ್ನು ತಿದ್ದುವ ಉಪಾಯಗಳು ಕಲ್ಪಿತವಾಗಿವೆ.

ನ್ಯಾಯಶಾಸ್ತ್ರದ ದೃಷ್ಟಿಯಿಂದ ವಿಚಾರಿಸಿದರೆ, ಸಂಸ್ಕೃತಚಿತ್ರದಿಂದ ಹುಟ್ಟುವ ಜ್ಞಾನವು ಪ್ರತ್ಯಕ್ಷವಲ್ಲ, ಅನುಮಾನ. ಮಂಜನ್ನು ಹೊಗೆಯೆಂದು ಭ್ರಮಿಸಿದವನು ಬೆಂಕಿಯಿಲ್ಲದ ಬೆಟ್ಟದಲ್ಲಿ ಬೆಂಕಿಯನ್ನು ಊಹಿಸುವನು. ಹಾಗೆಯೇ ಯಂತ್ರವು ಮಾಲಿನ್ಯವೆಂದು ಅಳಿಸಿದ ಚುಕ್ಕೆಯು ನಿಜವಾದ ಸುಣ್ಣದ ಕಣವಾಗಿದ್ದಿರಬಹುದು. ಎಲ್ಲೆಯೆಂದು ಎಳೆದ ರೇಖೆಯು ಇಲ್ಲದ ಎಲ್ಲೆಯಾಗಿರಬಹುದು. ಈ ಕಾರಣದಿಂದ ವಿವೇಕಿಯಾದ ವೈದ್ಯನು ಸಂಸ್ಕಾರವಾಗದ ಮೂಲಚಿತ್ರವನ್ನೂ ಶಬ್ದತರಂಗದ ಚಿತ್ರವನ್ನೂ ಪಕ್ಕದಲ್ಲಿರಿಸಿಕೊಂಡು, ಅವು ಪರಸ್ಪರ ಒಪ್ಪಿದ ಬಳಿಕವೇ ಕವಾಟವನ್ನು ಬಿಡಿಸುವನು.