ಗೋಡೆ ಒಣಗುವ ಮುನ್ನ ಗಿಲಾವು ಬೇಡ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿಯ ಕಾಡಿನಲ್ಲಿ ಸುರಿದ ಮಳೆ ಬೈಲಹೊಂಗಲ ಸೀಮೆಯನ್ನು ಹಾದು ಸವದತ್ತಿಯ ನವಿಲುತೀರ್ಥ ಅಣೆಕಟ್ಟೆ ಸೇರುತ್ತದೆ. ಅಣೆಕಟ್ಟೆ ತುಂಬಿ ಗೇಟು ತೆರೆದರೆ ಅದೇ ನೀರು ಮುನವಳ್ಳಿ, ರಾಮದುರ್ಗದ ಮನೆಗಳ ಹೊಸ್ತಿಲಿಗೆ ಬರುತ್ತದೆ. ಹೀಗಾಗಿ ರಾಮದುರ್ಗದಲ್ಲಿ ಹನಿ ಮಳೆ ಇಲ್ಲದ ದಿನವೂ ಹೊಳೆ ಊರೊಳಗೆ ನುಗ್ಗಬಹುದು. 2019ರ ಆಗಸ್ಟ್‌ನಲ್ಲಿ ಈ ದಂಡೆಯ ಜನ ಅದನ್ನು ಕಣ್ಣಾರೆ ಕಂಡರು. ಕಿತ್ತೂರು ಭಾಗದ ಕಷ್ಟ ಬೇರೆ. ಅಲ್ಲಿ ಹೊಳೆಗಿಂತ ವಾರಗಟ್ಟಲೆ ಬಿಡದೆ ಹಿಡಿಯುವ ಜಿಟಿಜಿಟಿ ಮಳೆಯೇ ಗೋಡೆಗಳನ್ನು ನೆನೆಸಿ ಕೆಡವುತ್ತದೆ.

ನೀರು ಇಳಿದ ಮೇಲೆ ಮಾಡುವ ತಪ್ಪು ಮಾತ್ರ ಎಲ್ಲ ಕಡೆಯೂ ಒಂದೇ. ಎರಡು ದಿನ ಬಿಸಿಲು ಬಿದ್ದರೆ ಮನೆ ಒಣಗಿತು ಎಂದುಕೊಳ್ಳುತ್ತೇವೆ. ನಮ್ಮ ಕಡೆಯ ಮಣ್ಣಿನ ಗೋಡೆ ಎರಡು ಅಡಿ, ಕೆಲವು ಹಳೆಯ ವಾಡೆಗಳಲ್ಲಿ ಅದಕ್ಕಿಂತಲೂ ದಪ್ಪ. ಮೇಲ್ಮೈ ಬೆಳ್ಳಗಾಗಿ ಕಂಡರೂ ಒಡಲು ವಾರಗಳವರೆಗೆ ಹಸಿಯಾಗಿಯೇ ಇರುತ್ತದೆ. ನೆನೆದ ಮಣ್ಣಿಗೆ ಭಾರ ಹೊರುವ ಶಕ್ತಿ ಇರುವುದಿಲ್ಲ. ಆದ್ದರಿಂದಲೇ ಎಷ್ಟೋ ಗೋಡೆಗಳು ಮಳೆ ಸುರಿಯುವಾಗ ನಿಂತಿದ್ದು, ಮಳೆ ಬಿಟ್ಟ ಮೇಲೆ ಬೀಳುತ್ತವೆ. 2021ರ ಅಕ್ಟೋಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಗೋಡೆ ಕುಸಿದು ಏಳು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಗೋಡೆ ಉಬ್ಬಿದ್ದರೆ, ಬುಡದ ಮಣ್ಣು ಕರಗಿ ಒಳಕ್ಕೆ ಸರಿದಿದ್ದರೆ, ಬಾಗಿಲ ಚೌಕಟ್ಟು ಇದ್ದಕ್ಕಿದ್ದಂತೆ ಬಿಗಿಯಾಗಿದ್ದರೆ ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗಬಾರದು. ಆಚೆ ಮಗ್ಗುಲಲ್ಲೂ ಮಲಗಬಾರದು; ಗೋಡೆ ಯಾವ ಕಡೆ ಬೀಳುತ್ತದೆಂದು ಯಾರೂ ಹೇಳಲಾರರು.

ಎರಡನೆಯ ತಪ್ಪು ನಂಬಿಕೆಗೆ ಕಾರಣ ಸಿಮೆಂಟಿನ ಮೇಲಿನ ಅತಿಯಾದ ಭರವಸೆ. ಬಿರುಕು ಕಂಡ ತಕ್ಷಣ ಗೌಂಡಿಯನ್ನು ಕರೆದು ಸಿಮೆಂಟ್ ಗಿಲಾವು ಮಾಡಿಸಿದರೆ ಮನೆ ‘ಪಕ್ಕಾ’ ಆಯಿತು ಅನ್ನುತ್ತಾರೆ. ಆದರೆ ಮಣ್ಣಿನ ಗೋಡೆ ಉಸಿರಾಡುವ ಗೋಡೆ. ನೆಲದಿಂದ ಮೇಲೇರುವ ತೇವ ಅದರ ಮೈಯಿಂದ ಆವಿಯಾಗಿ ಹೋಗಬೇಕು. ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ದಾರಿಯಿಲ್ಲ. ಅದು ಒಳಗೇ ನಿಂತು ಹಿಂದಿನ ಮಣ್ಣನ್ನು ರಾಡಿ ಮಾಡುತ್ತದೆ. ಹೊರಗಿನಿಂದ ಗೋಡೆ ಚೊಕ್ಕವಾಗಿ ಕಾಣುತ್ತದೆ, ಬುಡದ ಎರಡು ಅಡಿ ಮಾತ್ರ ಒಳಗೊಳಗೇ ಟೊಳ್ಳಾಗುತ್ತ ಹೋಗುತ್ತದೆ. ಕೆಲವು ವರ್ಷಗಳಲ್ಲಿ ಗಿಲಾವು ಹಪ್ಪಳದಂತೆ ಕಳಚಿ ಬೀಳುತ್ತದೆ. ಮಣ್ಣಿನ ಗೋಡೆಗೆ ಮಣ್ಣಿನದೇ ಮದ್ದು. ಗೋಡೆಯದೇ ಜಾತಿಯ ಮಣ್ಣು ಜರಡಿ ಹಿಡಿದು, ಹೊಟ್ಟು ಬೆರೆಸಿ, ದಿನಗಟ್ಟಲೆ ಕೊಳೆಹಾಕಿ ತುಳಿದು ಮೆತ್ತಬೇಕು. ಮೇಲೆ ಸುಣ್ಣ ಹೊಡೆಯಬೇಕು. ಈ ಕೆಲಸ ಬಲ್ಲ ಹಿರಿಯ ಗೌಂಡಿಗಳು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಹುಡುಕಿ ಕರೆಯುವುದು ಸಿಮೆಂಟ್ ಚೀಲ ತರುವುದಕ್ಕಿಂತ ಮುಖ್ಯವಾದ ಕೆಲಸ.

ಮಾಳಿಗೆ ಸೋರಿದಾಗಲೂ ಇದೇ ಅವಸರ. ಇನ್ನೊಂದು ಚಕ್ಕಡಿ ಮಣ್ಣು ತಂದು ಮೇಲ್ಮುದ್ದೆಗೆ ಸುರಿಯುತ್ತಾರೆ. ಲೆಕ್ಕ ಹಾಕಿ ನೋಡಿ: ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಒಣಗಿದ್ದಾಗಲೇ ಸುಮಾರು ನಾಲ್ಕೂವರೆ ಟನ್ ಭಾರ. ನೆನೆದರೆ ಇನ್ನೂ ಹೆಚ್ಚು. ಪ್ರತಿ ಮಳೆಗಾಲಕ್ಕೂ ನಾಲ್ಕು ಬೆರಳು ಮಣ್ಣು ಏರಿಸುತ್ತ ಹೋದರೆ ಅಜ್ಜನ ಕಾಲದ ತೊಲೆ ಎಷ್ಟು ಹೊತ್ತೀತು? ಮೊದಲು ನೋಡಬೇಕಾದದ್ದು ತೊಲೆ, ಜಂತಿಗಳ ತುದಿಯನ್ನು. ಗೋಡೆಯೊಳಗೆ ಹೂತ ಭಾಗಕ್ಕೇ ನೀರು ಇಳಿದು ಗೆದ್ದಲು ಹಿಡಿಯುತ್ತದೆ. ಚೂಪಾದ ಕಬ್ಬಿಣದಿಂದ ಚುಚ್ಚಿದಾಗ ಸಲೀಸಾಗಿ ಒಳಹೋದರೆ ಆ ತೊಲೆಗೆ ಕೆಳಗಿನಿಂದ ಕಂಬದ ಆಸರೆ ಕೊಟ್ಟ ಮೇಲೆಯೇ ಉಳಿದ ಮಾತು. ಹಳೆಯ ಮಣ್ಣು ಕೆರೆದು ತೆಗೆದು, ನೀರು ಹರಿಯುವ ಓಟ ಸರಿಪಡಿಸಿ, ಆಮೇಲೆ ತೆಳುವಾಗಿ ಹೊಸ ಮಣ್ಣು ಹಾಕಬೇಕು.

ಎರೆಭೂಮಿಯ ಊರುಗಳಲ್ಲಿ ಸಿಮೆಂಟ್ ಮನೆಗಳೂ ಬಿರುಕು ಬಿಡುತ್ತವೆ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣು ಅದು. ಬುನಾದಿಯನ್ನೇ ಎತ್ತಿ ಇಳಿಸುತ್ತದೆ. ಬೇಸಿಗೆಯಲ್ಲಿ ತುಂಬಿದ ಬಿರುಕು ಮುಂದಿನ ವರ್ಷ ಅಲ್ಲಿಯೇ ಬಾಯಿ ಬಿಡುತ್ತದೆ. ದುಡ್ಡು ಗೋಡೆಗೆ ಹಾಕುವ ಮೊದಲು ಮನೆಯ ಸುತ್ತ ನೀರು ನಿಲ್ಲದಂತೆ ಗರಸು ಹಾಕಿ ಫರಸಿ ಹಾಸಿ, ಬಚ್ಚಲ ನೀರನ್ನು ದೂರ ಸಾಗಿಸಬೇಕು.

ಈ ಸೀಮೆಯಲ್ಲಿ ಇನ್ನೊಂದು ಅಪಾಯವಿದೆ: ಹಗೇವು. ಜೋಳ ಕಾಯ್ದಿಡಲು ಹಿರಿಯರು ಮನೆಯಲ್ಲೂ ಓಣಿಯಲ್ಲೂ ತೋಡಿದ್ದ ನೆಲಮಾಳಿಗೆಗಳು ಈಗ ಫರಸಿ, ಟೈಲ್ಸ್ ಕೆಳಗೆ ಮರೆತು ಹೋಗಿವೆ. ಅಂತರ್ಜಲ ಏರಿದಾಗ ಅವುಗಳ ಬದಿ ಕುಸಿಯುತ್ತದೆ. ಪಕ್ಕದ ನರಗುಂದದಲ್ಲಿ ಹೀಗೆ ಮನೆಯೊಳಗಿನ ನೆಲವೇ ಕುಸಿದು ಜನ ಕಂಗಾಲಾದರು. ಪ್ರವಾಹದ ನಂತರ ನೆಲ ತುಸು ತಗ್ಗಿದ್ದರೆ, ಹೆಜ್ಜೆ ಇಟ್ಟಾಗ ಟೊಳ್ಳು ಸದ್ದು ಬಂದರೆ ಹೊಸ ಹಾಸು ಹಾಕಿ ಮುಚ್ಚಬಾರದು. ಮನೆಯ ಹಿರಿಯರನ್ನು ಕೇಳಿ ಹಗೇವಿನ ಜಾಗ ಗುರುತಿಸಿ, ತೆಗೆಸಿ, ಗರಸನ್ನು ಪದರ ಪದರವಾಗಿ ಹಾಕಿ ಧಮ್ಮಸ್ ಮಾಡಿಸಬೇಕು.

ಇನ್ನು ಪರಿಹಾರದ ಮಾತು. ಸಮೀಕ್ಷೆಯವರು ಬರುವತನಕ ರಾಡಿಯನ್ನೂ ತೆಗೆಯಬಾರದೆಂದು ಕಾಯುವವರಿದ್ದಾರೆ. ಒಳಗೆ ನಿಂತ ರಾಡಿ ಗೋಡೆಯ ಬುಡವನ್ನು ಹಸಿಯಾಗಿಯೇ ಇಡುತ್ತದೆ. ಒಳಗೂ ಹೊರಗೂ ಎಲ್ಲ ಮೂಲೆಗಳ ಫೋಟೊ ತೆಗೆದು, ಅಕ್ಕಪಕ್ಕದವರನ್ನು ಸಾಕ್ಷಿಯಾಗಿಟ್ಟು, ಗ್ರಾಮ ಆಡಳಿತಾಧಿಕಾರಿಗೆ ಬರೆದು ತಿಳಿಸಿ ರಾಡಿ ತೆಗೆಯಬಹುದು. ಅದಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು, ಅಲ್ಪಸ್ವಲ್ಪ ಹಾನಿಯಾದ ಮನೆಗೆ ಅದರ ಸಣ್ಣ ಪಾಲು. ಆ ಹಣ ಬಂದದ್ದು ಒಂದೇ ಗಂಟಾಗಿ ಅಲ್ಲ. ಬುನಾದಿ, ಗೋಡೆ, ಚಾವಣಿ ಎಂದು ಹಂತ ಹಂತವಾಗಿ. ಇದನ್ನು ಅರಿಯದೆ ಪೂರ್ತಿ ಪರಿಹಾರದ ಆಸೆಗೆ ನಿಂತ ಮನೆಯನ್ನೂ ಕೆಡವಿದರೆ ಬುನಾದಿಗೇ ಕೈ ಬರಿದಾಗಿ, ತಗಡಿನ ಶೆಡ್ಡಿನಲ್ಲಿ ಮಳೆಗಾಲ ಕಳೆಯಬೇಕಾಗುತ್ತದೆ. ಕಲ್ಲಿನ ಬುನಾದಿ ಗಟ್ಟಿಯಿದ್ದು ಒಂದು ಗೋಡೆಯಷ್ಟೇ ಬಿದ್ದ ಮನೆಯನ್ನು ಕೆಡವುವುದು ಅನ್ಯಾಯ. ದುರಸ್ತಿಗೆ ತಕ್ಕ ಹಣವನ್ನೂ ಮಣ್ಣಿನ ಮನೆ ಬಲ್ಲ ಗೌಂಡಿಯ ಸಲಹೆಯನ್ನೂ ಸಮೀಕ್ಷೆಯ ದಿನವೇ ಕೊಡುವಂತಾದರೆ ಮಲಪ್ರಭೆಯ ದಂಡೆಯಲ್ಲಿ ಎಷ್ಟೋ ಹಳೆಯ ಮನೆಗಳು ಉಳಿಯುತ್ತವೆ.